ಹೇಳಿದವರ ಆಯಾಸ

ನಮ್ಮೂರಿನಲ್ಲಿ ಯಾರೂ ಯಾರಿಗೂ 'ಒಂದು ಚೊಂಬು ನೀರು ಕೊಡು' ಎನ್ನುವುದಿಲ್ಲ. 'ಏನು ಬಿಸಿಲಪ್ಪ, ಗಂಟಲು ಒಣಗಿಹೋಯ್ತು' ಎಂದು ಗೋಡೆಗೆ ಹೇಳಿದ ಹಾಗೆ ಹೇಳಿ ಸುಮ್ಮನೆ ಕೂರುತ್ತಾರೆ. ಎದುರಿಗಿದ್ದವರಿಗೆ ಮನಸ್ಸಾದರೆ ತಂದುಕೊಡುತ್ತಾರೆ. ತಾವಾಗಿ ತಂದುಕೊಟ್ಟರೆ ಎದ್ದು ನಡೆದ ಸುಸ್ತು ಅವರದು, ಹೇಳಿ ತರಿಸಿಕೊಂಡರೆ ಹೇಳಿದವರದು. ಮಗನಿಗೆ ಸೌದೆ ಒಡೆ ಎಂದ ಅಪ್ಪ ಜಗಲಿಯ ಮೇಲೆ ಕೂತಲ್ಲೇ ಬೆವರುತ್ತಾನೆ, ಮಗ ಸಿಳ್ಳೆ ಹಾಕಿಕೊಂಡು ಒಡೆಯುತ್ತಾನೆ. ಅತ್ತೆಯ ಬಾಯಿಂದ ಒಂದು ಮಾತು ಬೀಳಲಿ ಎಂದು ಸೊಸೆ ಕಾಯುತ್ತಿರುತ್ತಾಳೆ, ಅತ್ತೆ ತುಟಿ ಬಿಗಿಹಿಡಿದು ತಾನೇ ಪೊರಕೆ ಎತ್ತಿಕೊಳ್ಳುತ್ತಾಳೆ. ಮಕ್ಕಳಿಂದ ಮಗ್ಗಿ ಹೇಳಿಸುವ ಮೇಷ್ಟರು ಮಧ್ಯಾಹ್ನವಾಗುವುದರೊಳಗೆ ಮೇಜಿಗೆ ತಲೆ ಕೊಟ್ಟುಬಿಡುತ್ತಾರೆ.

ಹೀಗಿರುವಾಗ ಊರಿಗೊಬ್ಬ ಯಜಮಾನನನ್ನು ಆರಿಸುವುದೆಂದರೆ ಜನ ಅವನ ತಲೆ ನೋಡುತ್ತಿರಲಿಲ್ಲ, ಎದೆ ನೋಡುತ್ತಿದ್ದರು. ನೂರು ಜನರಿಗೆ ಕೆಲಸ ಹೇಳಿ, ನೂರು ಜನರ ಸುಸ್ತನ್ನು ಒಂದೇ ಮೈಯಲ್ಲಿ ತಡೆದುಕೊಳ್ಳಬಲ್ಲವನು ಯಾರು ಎಂಬುದಷ್ಟೇ ಪ್ರಶ್ನೆ. ನಾನು ಬುದ್ಧಿ ಬಲಿತಾಗಿನಿಂದ ಆ ಜಾಗದಲ್ಲಿ ಕೂತಿದ್ದವರು ಮಾಯಿಗೌಡರು. ಬಾಗಿಲಿಗೆ ಅಡ್ಡ ನಿಂತರೆ ಮನೆಯೊಳಗೆ ಕತ್ತಲಾಗುವಂಥ ಆಳು. ಚಾವಡಿಯ ಕಟ್ಟೆಯ ಮೇಲೆ ಬೆಳ್ಳಿ ಹಿಡಿಯ ಕೋಲು ಊರಿಕೊಂಡು ಕೂತು 'ಸಂತೆಮಾಳ ಕಟ್ಟಿ' ಎಂದರೆ ಜನ ಕುಣಿದುಕೊಂಡು ಹೋಗಿ ಕಲ್ಲು ಹೊರುತ್ತಿದ್ದರು. ಗೌಡರ ಮಾತಿನ ಮೇಲೆ ದುಡಿಯುವುದೆಂದರೆ ನಮಗೆ ಹಬ್ಬ. ಮೈ ಬೆವರುತ್ತಿತ್ತು, ಕೈ ಬೊಬ್ಬೆ ಬರುತ್ತಿತ್ತು, ಆದರೆ ಸುಸ್ತು ಎಂಬುದಿರಲಿಲ್ಲ. ಅದೆಲ್ಲ ಚಾವಡಿಗೆ ಹೋಗಿ ಗೌಡರ ಮೈಯಲ್ಲಿ ಎಲ್ಲೋ ಕರಗುತ್ತಿತ್ತು. ಸಂಜೆ ಅವರು ಒಮ್ಮೆ ಮೈ ಮುರಿದು, ಮೂರು ಮುದ್ದೆ ಉಂಡು ಮಲಗಿದರೆ ಮುಗಿಯಿತು.

ನಾನು ಜವರಯ್ಯ. ಮಣ್ಣು ಕಲ್ಲಿನ ಕೆಲಸದವನು. ನನ್ನ ಹೆಂಡತಿ ಹೊಂಬಾಳಮ್ಮ ಚಾಪೆ ಹೆಣೆಯುತ್ತಿದ್ದಳು. ಚಿಕ್ಕಂದಿನಲ್ಲಿ ಬಂದ ಯಾವುದೋ ಜ್ವರ ಅವಳ ಮೈಯಲ್ಲಿ ಬಲವನ್ನೇ ಉಳಿಸಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಮರೆತು, 'ಆ ರಾಗಿ ಮೂಟೆ ಒಳಗಿಡು' ಎಂದಿದ್ದಳು. ಮೂಟೆಯನ್ನು ನಾನು ಹೆಗಲಿಗೆ ಏರಿಸಿದೆನೋ ಇಲ್ಲವೋ, ಅವಳು ಅಲ್ಲೇ ಒರಳ ಮೇಲೆ ಕುಸಿದು ಕೂತಳು. ಆಮೇಲೆ ನಮ್ಮ ಸಂಸಾರದಲ್ಲಿ ಅಪ್ಪಣೆ ಎಂಬುದೇ ಇರಲಿಲ್ಲ. ಅವಳಿಗೆ ಏನು ಬೇಕೆಂದು ಅವಳ ಕಣ್ಣು ನೋಡಿ ತಿಳಿದುಕೊಳ್ಳುವುದನ್ನು ನಾನು ಕಲಿತೆ. ನನಗೆ ಏನಾಗಿದೆ ಎಂದು ನನ್ನ ನಡಿಗೆ ನೋಡಿ ಹೇಳುವುದನ್ನು ಅವಳು ಕಲಿತಳು. ಇಂಥವಳು ಊರಿಗೆ ಯಜಮಾನಿಯಾಗುತ್ತಾಳೆಂದು ಆಗ ಯಾರಾದರೂ ಹೇಳಿದ್ದರೆ ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ.

ನಮ್ಮೂರಿಗೆ ನೀರು ಬರುವುದು ಬೆಟ್ಟದ ಆಚೆಯ ಹೊಳೆಯಿಂದ. ಬೆಟ್ಟದ ಹೊಟ್ಟೆಯಲ್ಲಿ ಯಾವ ಕಾಲದವರೋ ಕೊರೆದ ಸುರಂಗವೊಂದಿದೆ, ಅದರೊಳಗಿಂದ ನಾಲೆ ಹರಿದು ಬಂದು ಊರ ಮುಂದಿನ ಕೊಳ ತುಂಬುತ್ತದೆ. ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಬೆಳಗ್ಗೆ ನೆಲ ಗುಡುಗಿದ ಹಾಗಾಯಿತು. ಹೋಗಿ ನೋಡಿದರೆ ಸುರಂಗದ ನಡುಭಾಗ ಕುಸಿದು, ಮಣ್ಣು ಬಂಡೆ ಎಲ್ಲ ಸೇರಿ ದಾರಿ ಮುಚ್ಚಿಹೋಗಿತ್ತು. ನಾಲೆ ಒಣಗಿತು. ಆಚೆಗೆ ನಿಂತ ನೀರು ಬೇರೆ ಹಳ್ಳ ಹುಡುಕಿಕೊಂಡು ಹರಿದುಹೋಯಿತು. ಕೊಳದಲ್ಲಿದ್ದದ್ದೇ ನಮಗಿದ್ದ ನೀರು.

ಗೌಡರು ಕೋಲು ನೆಲಕ್ಕೆ ಕುಟ್ಟಿ ಹೇಳಿದರು, "ಅಗೀರಿ. ಬೆಳಗಿಂದ ಸಂಜೆಗಂಟ ಅಗೀರಿ. ನಾನಿದ್ದೀನಿ."

ನಾವು ಅಗೆದೆವು. ಊಟಕ್ಕೂ ಸರಿಯಾಗಿ ನಿಲ್ಲುತ್ತಿರಲಿಲ್ಲ. ಸುಸ್ತೇ ಆಗದ ಮೇಲೆ ನಿಲ್ಲುವುದಾದರೂ ಏಕೆ? ಕಲ್ಲು ಮೇಸ್ತ್ರಿ ಪೀರ್ ಸಾಬರು ಮಾತ್ರ ಆಗಾಗ ತಮ್ಮ ಕೈಗಳನ್ನು ಮುಖದ ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು. "ಕೈ ನಡುಗ್ತಾ ಐತೆ ಜವರಣ್ಣ. ನಂಗೇನೂ ಅನ್ನಿಸ್ತಿಲ್ಲ, ಆದ್ರೆ ನಡುಗ್ತಾ ಐತೆ" ಎಂದು ಒಮ್ಮೆ ನನಗೆ ತೋರಿಸಿದರು. ನಾನು ನನ್ನ ಕೈ ನೋಡಿಕೊಂಡೆ. ಅದೂ ನಡುಗುತ್ತಿತ್ತು. ಆದರೂ ಇಬ್ಬರೂ ಮತ್ತೆ ಪಿಕಾಸಿ ಎತ್ತಿದೆವು.

ಅದರ ಮಾರನೆಯ ದಿನವೇ ಸಣ್ಣಪ್ಪನ ಕೈಯಿಂದ ಹಾರೆ ಜಾರಿತು. ಸಣ್ಣಪ್ಪ ಹೊಸದಾಗಿ ಮದುವೆಯಾಗಿದ್ದ ಗಟ್ಟಿ ಹುಡುಗ. ಹಾರೆ ಕೊಟ್ಟು ಎತ್ತಿ ಹಿಡಿದಿದ್ದ ಬಂಡೆ ಮರಳಿ ಬಿದ್ದು ಅವನ ಎಡಗೈ ಅಡಿಗೆ ಸಿಕ್ಕಿತು. ಅವನ ಬೆರಳುಗಳು ಎಂದೋ ಸೋತುಹೋಗಿದ್ದವು. ಅದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಬೇಕಾಗಿದ್ದ ಗೌಡರಿಗೆ ಆ ಸುಸ್ತು ಇರುವೆ ಕಚ್ಚಿದಷ್ಟೂ ಅನ್ನಿಸಿರಲಿಲ್ಲ. ಕೈ ಉಳಿಯಲಿಲ್ಲ.

ಅಂದು ಸಂಜೆ ಚಾವಡಿಯಲ್ಲಿ ಊರೆಲ್ಲ ಸೇರಿತು. ಮಾಯಿಗೌಡರು ತಲೆ ಎತ್ತಲಿಲ್ಲ. "ನಂಗೆ ಗೊತ್ತಾಗ್ಲಿಲ್ಲ. ಗೊತ್ತಾಗಿದ್ರೆ ನಿಲ್ಲಿಸ್ತಿದ್ದೆ" ಎಂದಷ್ಟೇ ಎರಡು ಮೂರು ಸಲ ಹೇಳಿದರು. ಜನ ಅವರನ್ನು ಸಮಾಧಾನ ಮಾಡಿದರು. ನೀವಲ್ಲದೆ ಇನ್ಯಾರು ತಡ್ಕೋತಾರೆ, ನಿಮ್ಮಷ್ಟು ಶಕ್ತಿ ಯಾರಿಗೈತೆ ಎಂದರು. ಆಗ ಹೆಂಗಸರ ಸಾಲಿನಿಂದ ನನ್ನವಳ ಸಣ್ಣ ದನಿ ಕೇಳಿಸಿತು.

"ಶಕ್ತಿ ಇರೋದೇ ತೊಂದ್ರೆ ಆಗೈತೆ."

ಎಲ್ಲರೂ ತಿರುಗಿದರು.

"ಗೌಡ್ರು ಕೆಟ್ಟೋರಲ್ಲ" ಎಂದಳು ಹೊಂಬಾಳೆ. "ಆದ್ರೆ ಅವರಿಗೆ ತಗಲೋದೇ ಇಲ್ವಲ್ಲ. ಅಗಿಯೋರಿಗೂ ತಗಲಲ್ಲ, ಅಗಿ ಅಂದೋರಿಗೂ ತಗಲಲ್ಲ ಅಂದ್ರೆ, ಆ ಹುಡುಗನ ಕೈ ಸೋತಿದ್ದು ಯಾರಿಗೆ ತಿಳೀಬೇಕಾಗಿತ್ತು?"

ಹಿಂದಿನಿಂದ ಯಾರೋ ನಕ್ಕರು. "ಹಂಗಾದ್ರೆ ನೀನೇ ಕೂತ್ಕೊ ತಾಯಿ. ಒಂದು ಮಂಕರಿ ಮಣ್ಣು ಎತ್ತಿಸೋದ್ರೊಳಗೆ ಮಲಗಿಬಿಡ್ತೀಯ!"

ನಗು ಚಾವಡಿಯೆಲ್ಲ ಹಬ್ಬಿತು. ಮಾಯಿಗೌಡರು ಮಾತ್ರ ನಗಲಿಲ್ಲ. ಕಟ್ಟೆಯಿಂದ ಇಳಿದು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋಗಿ, ಬೆಳ್ಳಿ ಹಿಡಿಯ ಕೋಲನ್ನು ಅವಳ ಮಡಿಲಲ್ಲಿಟ್ಟರು. "ನಂಗೆ ತಗಲಲ್ಲ. ನಿಂಗೆ ತಗಲ್ತದೆ. ಇನ್ನು ನೀನೇ ಹೇಳವ್ವ" ಎಂದು ಹೊರಟುಹೋದರು. ಕೋಲು ಮಡಿಲಿಗೆ ಬಿದ್ದ ಮೇಲೆ ಬೇಡ ಎನ್ನುವ ರೂಢಿ ನಮ್ಮಲ್ಲಿಲ್ಲ.

ಮನೆಗೆ ಬಂದು ನಾನು ಕೂಗಾಡಿದೆ. ಅವಳು ಕೋಲನ್ನು ಮೂಲೆಗೆ ಒರಗಿಸಿ, "ನಂಗೂ ಭಯ ಆಗೈತೆ ಕಣಯ್ಯ. ನೀನೂ ಕೂಗಿದ್ರೆ ಇನ್ನೂ ಭಯ ಆಯ್ತದೆ" ಎಂದಳು. ನಾನು ಅವಳ ಪಕ್ಕ ಹೋಗಿ ಕೂತೆ.

ಮೊದಲ ದಿನ ಅವಳು ಸುರಂಗದ ಬಾಯಿಯ ಹತ್ತಿರ ಒಂದು ಚಾಪೆ ಹಾಸಿಸಿಕೊಂಡು ಕೂತಳು. ನಾಲ್ಕೇ ಜನರಿಗೆ ಕೆಲಸ ಹೇಳಿದಳು. ಪೀರ್ ಸಾಬರು, ನಾನು, ಇನ್ನೊಬ್ಬ, ಮಂಕರಿ ಹೊರಲು ಮಂಚಮ್ಮ. ನಾವು ಸ್ವಲ್ಪ ಹೊತ್ತು ಅಗೆಯುವುದರೊಳಗೆ ಹೊರಗಿನಿಂದ "ಸಾಕು" ಎಂಬ ಕೂಗು ಬಂತು. ಬಂದು ನೋಡಿದರೆ ಚಾಪೆಯ ಮೇಲೆ ಅಂಗಾತ ಬಿದ್ದು ಏದುಸಿರು ಬಿಡುತ್ತಿದ್ದಾಳೆ. ಅರ್ಧ ಗಳಿಗೆ ಬಿಟ್ಟು ಮತ್ತೆ ನಾಲ್ಕು ಜನ, ಮತ್ತೆ "ಸಾಕು". ಹೀಗೇ ನಡೆಯಿತು. ಸಂಜೆಗೆ ನಾಲ್ಕು ಗಾಡಿಯಷ್ಟೂ ಮಣ್ಣು ಹೊರಬಿದ್ದಿರಲಿಲ್ಲ. ನೋಡಲು ಬಂದವರು ತಲೆ ಅಲ್ಲಾಡಿಸಿ ಹೋದರು.

ನನ್ನ ಪಾಡು ಕೇಳಬೇಡಿ. ನನ್ನ ಪಿಕಾಸಿಯ ಒಂದೊಂದು ಪೆಟ್ಟೂ ಅವಳ ಬೆನ್ನಿಗೆ ಬೀಳುತ್ತದೆ ಎಂದು ತಿಳಿದ ಮೇಲೆ ನನ್ನ ಕೈ ತಾನಾಗಿ ಮೆತ್ತಗಾಯಿತು. ಬಂಡೆಗೆ ಪಿಕಾಸಿ ಮುಟ್ಟಿಸಿದ ಹಾಗೆ ಮಾಡಿ ತೆಗೆಯುತ್ತಿದ್ದೆ. ಅದೂ ಅವಳಿಗೆ ತಿಳಿದುಹೋಯಿತು.

"ಯಾಕಯ್ಯ, ಹೂವಲ್ಲಿ ಹೊಡೀತಾ ಇದ್ದೀಯ?" ಎಂದಳು ಊಟದ ಹೊತ್ತಿಗೆ. "ನೀನು ಮೆತ್ತಗೆ ಹೊಡೆದ್ರೆ ಹೊಡೆತ ಹೆಚ್ಚು ಬೇಕಾಯ್ತದೆ. ನೆಟ್ಟಗೆ ಹೊಡಿ."

"ಇನ್ಮೇಲೆ ನಾನು ನೀನು ಹೇಳಿದ್ದಕ್ಕೆ ಹೊಡೆಯಲ್ಲ. ನಾನಾಗೇ ಹೊಡೀತೀನಿ. ನನ್ನ ಸುಸ್ತು ನಂಗೇ ಇರ್ಲಿ" ಎಂದೆ ನಾನು.

ಹಾಗೆಂದು ಬಾಯಲ್ಲಿ ಹೇಳಿಕೊಂಡೇ ಮತ್ತೆ ಒಳಗೆ ಹೋದೆ. ಸಂಜೆ ಅವಳು ನಕ್ಕಳು. "ನಿಂಗೆಲ್ಲಿ ಬಂತು? ಅದೂ ನನ್ನ ಬೆನ್ನಿಗೇ ಬಿತ್ತು. ನಾನು ಹೋಗು ಅಂದಿದ್ದಕ್ಕೆ ತಾನೆ ನೀನು ಹೋಗಿದ್ದು?" ಅವಳು ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವ ತನಕ ನನ್ನ ಮನಸ್ಸು ಏನೆಂದುಕೊಂಡರೂ ಲೆಕ್ಕಕ್ಕಿರಲಿಲ್ಲ.

ಆದರೆ ದಿನ ಕಳೆದ ಹಾಗೆ ಒಂದು ಸಂಗತಿ ಎಲ್ಲರ ಗಮನಕ್ಕೆ ಬಂತು. ಅವಳಿಗೆ ಒಬ್ಬೊಬ್ಬರ ಸುಸ್ತೂ ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಪೀರ್ ಸಾಬರದು ಬಲಗಡೆ ಹೆಗಲಿನಲ್ಲಿ ಕೂರುತ್ತಿತ್ತು, ನನ್ನದು ಬೆನ್ನಿನ ನಡುವೆ, ಮಂಚಮ್ಮನದು ಸೊಂಟಕ್ಕಿಂತ ಕೆಳಗೆ. "ಸಾಬರ ಮಂಡಿ ಇವತ್ತು ಸರಿ ಇಲ್ಲ, ಅವರು ಕೂತೇ ಮಾಡೋ ಕೆಲಸ ನೋಡ್ಕೊಳ್ಳಲಿ" ಎಂದು ಬೆಳಗ್ಗೆಯೇ ಹೇಳಿಬಿಡುತ್ತಿದ್ದಳು. ಒಂದು ದಿನ ಮಂಚಮ್ಮನನ್ನು ಪಕ್ಕಕ್ಕೆ ಕರೆದು, "ನೀನು ನಾಳೆಯಿಂದ ಮಂಕರಿ ಹೊರೋದು ಬೇಡ" ಎಂದಳು. ಮಂಚಮ್ಮ ಗಾಬರಿಯಾದಳು. ಬಸುರಿಯೆಂದು ಅವಳಿಗೇ ಆಗಿನ್ನೂ ಗೊತ್ತಿರಲಿಲ್ಲ.

ಇನ್ನೊಂದು ದಿನ ಪೀರ್ ಸಾಬರು ಮೇಲಿನ ಮಣ್ಣು ತಡೆಯುವ ಆಸರೆಯ ತೊಲೆಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದರು. ಅದನ್ನು ನೆಲಕ್ಕೆ ನಿಲ್ಲಿಸಿ ಕಲ್ಲು ಕೊಟ್ಟು ಬಿಗಿಯುವುದು ನನ್ನ ಕೆಲಸ. ಇದ್ದಕ್ಕಿದ್ದ ಹಾಗೆ ಹೊರಗಿನಿಂದ ಅವಳ ಚೀರಾಟ ಕೇಳಿಸಿತು. "ಸಾಬ್ರೇ, ಬಿಡಿ! ಬಿಟ್ಟು ಈಚೆಗೆ ಬನ್ನಿ!" ಸಾಬರು ಯಾಕೆಂದು ಕೇಳಲಿಲ್ಲ. ತೊಲೆಯನ್ನು ಬಿಟ್ಟು ನನ್ನ ತೋಳು ಹಿಡಿದು ಹಿಂದಕ್ಕೆ ಹಾರಿದರು. ನೆಲ ಮುಟ್ಟುತ್ತಲೇ ಅವರ ಕಾಲುಗಳು ನೂಲಿನಂತೆ ಮಡಿಚಿಕೊಂಡವು. ಅವರು ನಿಂತಿದ್ದ ಜಾಗಕ್ಕೆ ಮೇಲಿನಿಂದ ಎಮ್ಮೆಯಷ್ಟು ದೊಡ್ಡ ಮಣ್ಣಿನ ಹೆಂಟೆ ಬಿತ್ತು. ಇನ್ನೊಂದು ಉಸಿರಿನಷ್ಟು ಕಾಲ ಹೊತ್ತು ನಿಂತಿದ್ದರೆ ಕಾಲು ಸೋತು ಅದರಡಿಯಲ್ಲೇ ಕೂರುತ್ತಿದ್ದರು. ಹೊರಗೆ ಬಂದ ಸಾಬರು ಅವಳ ಚಾಪೆಯ ಎದುರು ಕೂತರು. ಆಮೇಲೆ, "ಯಜಮಾನಮ್ಮ" ಎಂದರು. ಯಾರಾದರೂ ಅವಳನ್ನು ಹಾಗೆ ಕರೆದದ್ದು ಅದೇ ಮೊದಲು.

ಈ ಸುದ್ದಿ ಊರಲ್ಲಿ ಹರಡಿದ್ದೇ ತಡ, ಅಲ್ಲಿಯ ತನಕ ದೂರ ನಿಂತಿದ್ದವರೆಲ್ಲ ಬಂದು ಸಾಲಾಗಿ ನಿಂತರು. "ನಂಗೂ ಹೇಳು ಯಜಮಾನಮ್ಮ", "ನಮ್ಮಿಬ್ರಿಗೂ ಹೇಳು". ಅವಳ ಮಾತಿನ ಮೇಲೆ ಹೋದರೆ ಜೀವಕ್ಕೆ ಭಯವಿಲ್ಲ ಎಂಬ ನಂಬಿಕೆ. ಅಷ್ಟರಲ್ಲಿ ಕೊಳದ ನೀರು ಕೆಸರಾಗಿತ್ತು. ಬಟ್ಟೆಯಲ್ಲಿ ಮೂರು ಸಲ ಸೋಸಿ ಕಾಸಿದರೂ ಮಕ್ಕಳಿಗೆ ವಾಂತಿಯಾಗುತ್ತಿತ್ತು. ಅವಳು ಆ ಮಕ್ಕಳ ಮುಖ ನೋಡಿದಳು, ಸಾಲು ನಿಂತವರ ಮುಖ ನೋಡಿದಳು. ನಾಲ್ಕು ಜನ ಎಂಟಾದರು, ಎಂಟು ಹದಿನಾರಾದರು. ಕೆಲಸ ಓಡತೊಡಗಿತು. ಅವಳು ಕೂರುವುದನ್ನು ಬಿಟ್ಟು ಮಲಗಿಯೇ ಇರತೊಡಗಿದಳು. ಬೆಳಗ್ಗೆ ನಾನು ಎತ್ತಿಕೊಂಡು ಹೋಗಿ ಚಾಪೆಯ ಮೇಲೆ ಇಳಿಸಬೇಕು, ಸಂಜೆ ಎತ್ತಿಕೊಂಡು ಬರಬೇಕು. ಹೂವಿನ ಬುಟ್ಟಿಯಷ್ಟೂ ಭಾರವಿರಲಿಲ್ಲ. ಮೈಯೆಲ್ಲ ಕೆಂಡ. ನಾನು ದಿನವೆಲ್ಲ ಅಗೆದು ಬಂದವನು, ನನಗೆ ಬೆಳಗಿನ ಹುರುಪು ಹಾಗೇ ಇರುತ್ತಿತ್ತು. ಆ ಹುರುಪನ್ನು ಕಂಡರೆ ನನಗೇ ಅಸಹ್ಯವಾಗುತ್ತಿತ್ತು. ಅವಳ ಕಾಲೊತ್ತುತ್ತ ಕೂತು, ಈ ಕಾಲಲ್ಲಿರುವುದು ಯಾರ ಸುಸ್ತು, ಇದರಲ್ಲಿ ನನ್ನ ಪಾಲೆಷ್ಟು ಎಂದು ಯೋಚಿಸುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಎಲ್ಲರನ್ನೂ ಹೊರಗೆ ಕರೆಸಿದಳು. ಎದ್ದು ಕೂರಲು ನೋಡಿದಳು, ಆಗಲಿಲ್ಲ. ನಾನು ಹಿಂದೆ ಕೂತು ಅವಳ ಬೆನ್ನಿಗೆ ಎದೆ ಕೊಟ್ಟೆ.

"ಕೆಲಸ ನಿಲ್ಲಿಸಿ" ಎಂದಳು.

ಸ್ವಲ್ಪ ಸುಧಾರಿಸಿಕೊಳ್ಳಲು ಹೇಳುತ್ತಿದ್ದಾಳೆಂದು ಜನ ಕೂರಲು ಹೋದರು.

"ಹಂಗಲ್ಲ. ಪೂರ್ತಿ ನಿಲ್ಲಿಸಿ. ನಾನು ಹೇಳಿದ್ದನ್ನೆಲ್ಲ ವಾಪಸ್ ತಗೊಂಡಿದ್ದೀನಿ. ಮನೆಗೆ ಹೋಗಿ."

"ಇನ್ನು ಸ್ವಲ್ಪ ಉಳಿದೈತೆ ತಾಯಿ! ಆಚೆ ಕಡೆ ಗಾಳಿ ಬರ್ತಾ ಐತೆ!" ಎಂದು ಒಬ್ಬ ಕೂಗಿದ.

"ಗೊತ್ತು. ಆದ್ರೆ ಬೆಳಗಿಂದ ನಂಗೆ ಯಾರ ನೋವು ಯಾವುದು ಅಂತ ತಿಳೀತಿಲ್ಲ. ಎಲ್ಲಾ ಕಲಸಿಹೋಗೈತೆ. ಬರೀ ನೋವು ಅಷ್ಟೇ. ಇನ್ನು ಸಾಬರ ಕಾಲು ಸೋತ್ರೂ ನಂಗೆ ತಿಳಿಯಲ್ಲ." ಉಸಿರು ತೆಗೆದುಕೊಳ್ಳಲು ಅವಳು ನಿಲ್ಲಿಸಿದಳು. "ತಿಳೀದೇ ಇದ್ದ ಮೇಲೆ, ಹೋಗಿ ಅಗಿ ಅನ್ನೋ ಹಕ್ಕು ನಂಗಿಲ್ಲ."

ಯಾರೋ ಗೊಣಗಿದರು. ಒಬ್ಬಳು ತಾಯಿ, "ನನ್ನ ಮಗೀಗೆ ನೀರೆಲ್ಲಿಂದ ತರ್ಲಿ, ನೀನೇ ಹೇಳು" ಎಂದು ಅತ್ತಳು. ಹೊಂಬಾಳೆ ಕಣ್ಣು ಮುಚ್ಚಿಕೊಂಡಳು. ಜನ ಚದುರಿದರು. ನಾನು ಅವಳನ್ನು ಎತ್ತಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಬಾಗಿಲುಗಳು ಮುಚ್ಚಿದ್ದವು. ಅವಳು ನನ್ನ ಕಿವಿಯ ಹತ್ತಿರ, "ತಪ್ಪು ಮಾಡಿದ್ನೇನಯ್ಯ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದೆ.

ಬೆಳಗ್ಗೆ ಎದ್ದಾಗ ಅವಳು ಮಲಗಿದ್ದಳು. ಜ್ವರ ಇನ್ನೂ ಇತ್ತು, ಆದರೆ ಉಸಿರಾಟ ಸಮವಾಗಿತ್ತು. ನಾನು ಜಗಲಿಯ ಮೇಲೆ ಕೂತೆ. ಪಕ್ಕದ ಮನೆಯಲ್ಲಿ ಮಗು ಅಳುತ್ತಿತ್ತು. ಪಿಕಾಸಿ ಗೋಡೆಗೆ ಒರಗಿತ್ತು. ಯಾರೂ ನನಗೆ ಏನೂ ಹೇಳಿರಲಿಲ್ಲ. ಅವಳು ಹೇಳಿದ್ದನ್ನೂ ವಾಪಸು ತೆಗೆದುಕೊಂಡಿದ್ದಳು. ನನಗೆ ನೀರು ಬೇಕಾಗಿತ್ತು, ಆ ಮಗುವಿಗೂ ಬೇಕಾಗಿತ್ತು, ಸುರಂಗದ ಆಚೆಯಿಂದ ಗಾಳಿ ಬರುತ್ತಿತ್ತು. ಎದ್ದು ಪಿಕಾಸಿ ಹೆಗಲಿಗಿಟ್ಟುಕೊಂಡು ಹೊರಟೆ.

ಸುರಂಗದ ಒಳಗೆ ಹೋಗಿ ಮೊದಲ ಪೆಟ್ಟು ಹಾಕಿದೆ. ಹೆಗಲಿನಿಂದ ಮೊಣಕೈವರೆಗೂ ಛಳಕ್ ಎಂದಿತು. ಇನ್ನೊಂದು ಹಾಕಿದೆ. ಸೊಂಟ ಹಿಡಿಯಿತು. ಹತ್ತು ಹನ್ನೆರಡು ಪೆಟ್ಟಿಗೆಲ್ಲ ಎದೆ ಹೊಡೆದುಕೊಂಡು, ಕಣ್ಣು ಕತ್ತಲಿಟ್ಟು, ನೆಲದ ಮೇಲೆ ಕೂತುಬಿಟ್ಟೆ. ಅಷ್ಟೂ ದಿನ ನನ್ನ ಮೈಯಿಂದ ಕಾಣೆಯಾಗಿದ್ದ ಸುಸ್ತು ವಾಪಸು ಬಂದಿತ್ತು. ನೋವು, ಬರೀ ನೋವು, ಆದರೆ ನನ್ನದು. ಇದು ಅವಳಿಗೆ ಹೋಗುತ್ತಿಲ್ಲ ಎಂದು ತಿಳಿದು ನನಗೆ ಅಳು ಬಂತು. ಕತ್ತಲಲ್ಲಿ ಒಬ್ಬನೇ ಕೂತು ಹಾಯಾಗಿ ಅತ್ತೆ.

"ಅಳೋದಾದ್ರೆ ಆ ಕಡೆ ಸರ್ಕೊಂಡು ಅಳು, ನಂಗೂ ಜಾಗ ಬೇಕು" ಎಂಬ ದನಿ ಕೇಳಿಸಿತು. ಪೀರ್ ಸಾಬರು ಸುತ್ತಿಗೆ ಹಿಡಿದು ಹಿಂದೆ ನಿಂತಿದ್ದರು. ಹಾಗೆಂದ ಕೂಡಲೇ ನಾನು ಸರಿದ ಸುಸ್ತು ಅವರಿಗೆ ಬಂದು, "ಅಯ್ಯೋ, ಹೇಳಬಾರದಾಗಿತ್ತು" ಎಂದು ಪಕ್ಕೆ ಹಿಡಿದುಕೊಂಡರು. ಇಬ್ಬರೂ ನಕ್ಕೆವು.

ಒಬ್ಬೊಬ್ಬರಾಗಿ ಜನ ಬಂದರು. ಎಲ್ಲರೂ ಬರಲಿಲ್ಲ. ಕೆಲವರು ಬಂದು, ಎರಡು ಮಂಕರಿ ಹೊತ್ತು, ಹೀಗೂ ಸುಸ್ತಾಗುತ್ತದೆಯೇ ಎಂದು ಬೆಚ್ಚಿ ಹೊರಟುಹೋದರು. ಹೋದವರಲ್ಲಿ ಅರ್ಧ ಜನ ನಾಚಿಕೊಂಡು ವಾಪಸು ಬಂದರು. ಮಧ್ಯಾಹ್ನದ ಹೊತ್ತಿಗೆ ಮಾಯಿಗೌಡರು ಬಂದರು. ಮೂರು ಜನ ಎತ್ತಬೇಕಾದ ಕಲ್ಲನ್ನು ಒಬ್ಬರೇ ತಬ್ಬಿಕೊಂಡು ಹೊರಗಿಟ್ಟು ಬಂದರು. ಮತ್ತೊಂದು, ಇನ್ನೊಂದು. ಆಮೇಲೆ ನನ್ನ ಪಕ್ಕ ನಿಂತು ಬೆವರು ಒರೆಸಿಕೊಳ್ಳುತ್ತ, "ಎಷ್ಟು ಹಗುರ ಐತೆ ಜವರ" ಎಂದರು. "ಕಲ್ಲಲ್ಲ ಕಣೋ. ಮೈ. ಇಷ್ಟು ವರ್ಷ ಆದ್ಮೇಲೆ ಬರೀ ನನ್ನದೊಂದೇ ಮೈ ಹೊತ್ಕೊಂಡಿದ್ದೀನಿ."

ಕೆಲಸ ನಿಧಾನವಾಗಿತ್ತು. ಎಲ್ಲರಿಗೂ ದಣಿವಾಗುತ್ತಿತ್ತು, ದಣಿದವರು ಕೂರುತ್ತಿದ್ದರು, ಕೂತಿದ್ದವರು ಏಳುತ್ತಿದ್ದರು. ಕೈ ನಡುಗಿದರೆ ಹಾರೆ ಕೆಳಗಿಡುತ್ತಿದ್ದರು. ಯಾರಿಗೂ ಏಟಾಗಲಿಲ್ಲ. ಹೊಂಬಾಳೆಯ ಜ್ವರ ಇಳಿಯಿತು. ನಾಲ್ಕೈದು ದಿನಗಳ ಮೇಲೆ ಅವಳು ತಾನೇ ನಡೆದುಕೊಂಡು ಸುರಂಗದ ಬಾಯಿಗೆ ಬಂದಳು. ಬಂದವಳು ಪೀರ್ ಸಾಬರ ಹೆಗಲು ನೋಡಿದಳು, ನನ್ನ ಬೆನ್ನು ನೋಡಿದಳು. ಕೇಳುವ ಮೊದಲೇ ಎಲ್ಲರೂ ತಮ್ಮ ತಮ್ಮ ನೋವು ಅವಳಿಗೆ ಒಪ್ಪಿಸತೊಡಗಿದರು, ಊರಿಗೆ ಹೋಗಿ ಬಂದ ಅಮ್ಮನಿಗೆ ಮಕ್ಕಳು ಹೇಳಿಕೊಳ್ಳುವ ಹಾಗೆ.

ಕೊನೆಗೆ ಒಂದು ಬಂಡೆ ಉಳಿಯಿತು. ದಾರಿಗೆ ಅಡ್ಡಲಾಗಿ, ಬೀಗ ಹಾಕಿದ ಹಾಗೆ ಕೂತಿತ್ತು. ಅದರ ಸಂದಿಯಿಂದ ಆಚೆ ಕಡೆಯ ಬೆಳಕು ಕಾಣುತ್ತಿತ್ತು. ಸಾಬರು ಸುತ್ತ ತಟ್ಟಿ ನೋಡಿ ಹೇಳಿದರು, "ಒಡೆದ್ರೆ ಮೇಲಿಂದು ಬೀಳ್ತದೆ. ಮಿಣಿ ಹಗ್ಗ ಹಾಕಿ ಈಚೆಗೆ ಎಳೀಬೇಕು. ಊರೆಲ್ಲ ಒಂದೇ ಉಸಿರಲ್ಲಿ ಎಳೀಬೇಕು. ಒಬ್ರು ಹಿಂದೆ ಒಬ್ರು ಮುಂದೆ ಆದ್ರೆ ಅದು ಮಗುಚಿ ನಮ್ಮ ಮೇಲೇ ಉರುಳ್ತದೆ. ಯಾರಾದ್ರೂ ಒಬ್ರು ಕೂಗಬೇಕು."

ಎಲ್ಲರೂ ನೆಲ ನೋಡಿದರು. ಎಳೀರಿ ಎಂದು ಒಬ್ಬರು ಕೂಗಿದರೆ ಊರಿನ ಬಲವೆಲ್ಲ ಒಂದೇ ಏಟಿಗೆ ಆ ಒಬ್ಬರ ಮೈಮೇಲೆ ಎರಗುತ್ತದೆ.

"ನಾನು ಕೂಗ್ತೀನಿ" ಎಂದರು ಮಾಯಿಗೌಡರು. "ನಂಗೇನೂ ಆಗಲ್ಲ."

"ನೀವು ಮಿಣಿ ಹಿಡಿಯೋಕೆ ಬೇಕು ಗೌಡ್ರೇ. ನೀವಿಲ್ದೆ ಅದು ಕದಲಲ್ಲ" ಎಂದರು ಸಾಬರು.

"ನಾನು ಕೂಗ್ತೀನಿ" ಎಂದಳು ಹೊಂಬಾಳೆ.

"ಬೇಡ" ಎಂದು ನಾನು ಕಿರುಚಿದೆ. "ಸತ್ತುಹೋಗ್ತೀಯ ಕಣೇ."

ಅವಳು ನನ್ನ ಕಡೆ ನೋಡಲಿಲ್ಲ. ಮಿಣಿಯುದ್ದಕ್ಕೂ ನಿಂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು. "ನಾನು ಹೇಳ್ತೀನಿ ಅಂತ ಯಾರೂ ಎಳೀಬೇಡಿ" ಎಂದಳು. "ನೀರು ಬೇಕು ಅನ್ನೋರು ಹಿಡ್ಕೊಳ್ಳಿ. ಬೇಡ ಅನ್ನೋರು ಈಗ್ಲೇ ಬಿಟ್ಟು ನಿಂತ್ಕೊಳ್ಳಿ, ನಾನೇನೂ ಅಂದ್ಕೊಳ್ಳಲ್ಲ. ಎಳೆಯೋರು ನೀವು. ಯಾವಾಗ ಅನ್ನೋದಷ್ಟೇ ನಾನು ಹೇಳ್ತೀನಿ."

ಯಾರೂ ಬಿಡಲಿಲ್ಲ. ಮಂಚಮ್ಮ ಮುಂದೆ ಬಂದು ಮಿಣಿ ಹಿಡಿಯಲು ಹೋದಾಗ ಎಲ್ಲರೂ ಒಟ್ಟಿಗೆ ಬೈದು ಕಳಿಸಿದರು. ಸಣ್ಣಪ್ಪ ಬಂದು ತನ್ನ ಉಳಿದ ಒಂದು ಕೈಯಿಂದ ಗೌಡರ ಮುಂದೆ ಹಿಡಿದು ನಿಂತ. ಗೌಡರು ಅವನನ್ನು ನೋಡಿ, ಮಿಣಿಯನ್ನು ತಮ್ಮ ಸೊಂಟಕ್ಕೆ ಇನ್ನೊಂದು ಸುತ್ತು ಸುತ್ತಿಕೊಂಡರು.

ಹೊಂಬಾಳೆ ಪಕ್ಕದ ದಿಣ್ಣೆಯ ಮೇಲೆ ಹತ್ತಿ ನಿಂತಳು. ಎಲ್ಲರ ಕಾಲುಗಳನ್ನು ನೋಡುತ್ತಿದ್ದಳು. ಒಬ್ಬನ ಕಾಲು ಸರಿಯಾಗಿ ಊರಿರಲಿಲ್ಲ, ಅವನು ಸರಿಮಾಡಿಕೊಳ್ಳುವ ತನಕ ಕಾದಳು. ಆಮೇಲೆ ಅಷ್ಟು ಸಣ್ಣ ಮೈಯೊಳಗೆ ಎಲ್ಲಿತ್ತೋ, ಬೆಟ್ಟ ಮರುದನಿ ಕೊಡುವಂಥ ಕೂಗು ಹಾಕಿದಳು.

"ಈಗ!"

ನಾನು ಎಳೆದೆ. ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು, ಅವಳು ದಿಣ್ಣೆಯಿಂದ ಬೀಳುವ ಸದ್ದಿಗೆ ಕಿವಿಕೊಟ್ಟು ಎಳೆದೆ. ತೋಳಿನ ನರಗಳು ಕಿತ್ತುಬರುತ್ತವೆ ಅನ್ನಿಸಿತು. ನನ್ನ ತೋಳು! ನೋವು ನನ್ನ ತೋಳಿನಲ್ಲೇ ಇತ್ತು! ಮುಂದೆ ಗೌಡರು ನರಳುತ್ತಿದ್ದರು, ಹಿಂದೆ ಸಾಬರು ನರಳುತ್ತಿದ್ದರು, ಮಿಣಿಯುದ್ದಕ್ಕೂ ಎಲ್ಲರೂ ಹೆರುವವರ ಹಾಗೆ ನರಳುತ್ತಿದ್ದರು. ಆ ನರಳಾಟ ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ ನಾನೂ ಜೋರಾಗಿ ನರಳಿದೆ. ಬಂಡೆ ಒಮ್ಮೆ ಅಲುಗಿತು. "ಬಲಗಡೆ ಜಾರ್ತಾ ಐತೆ... ಈಗ!" ಎಂದು ಮತ್ತೆ ಅವಳ ಕೂಗು. ಗಟ್ಟಿಯಾಗಿ ನಿಂತು ಕೂಗುತ್ತಿದ್ದಳು. ಬಂಡೆ ಬೀಗ ಕಳಚಿದ ಹಾಗೆ ಹೊರಳಿ, ಉಜ್ಜಿಕೊಂಡು ಈಚೆಗೆ ಬಂತು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು.

ನೀರು ಆ ಕೂಡಲೇ ಬರಲಿಲ್ಲ. ಆಚೆ ಬದಿಗೆ ಹೋಗಿ ಹಳ್ಳಕ್ಕೆ ಒಡ್ಡು ಹಾಕಿ ನಾಲೆಗೆ ತಿರುಗಿಸಿದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ ಬಂತು. ಮೊದಲು ಕೆಂಪಗೆ, ಕಸಕಡ್ಡಿ ನೂಕಿಕೊಂಡು, ಸಂಕೋಚಪಡುತ್ತ ಬಂದು, ಆಮೇಲೆ ತಿಳಿಯಾಗಿ ತುಂಬಿ ಹರಿಯಿತು. ಮಕ್ಕಳು ಅದರ ಜೊತೆಗೇ ಊರ ಕಡೆ ಓಡಿದರು. ಹೊಂಬಾಳೆ ಬೆಳ್ಳಿ ಹಿಡಿಯ ಕೋಲನ್ನು ಮಾಯಿಗೌಡರ ಮುಂದೆ ಹಿಡಿದಳು. ಗೌಡರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, "ನಂಗೆ ಸುಸ್ತಾಗೈತೆ ತಾಯಿ, ಅದನ್ನ ಹಿಡಿಯೋ ಶಕ್ತಿ ಇಲ್ಲ" ಎಂದು ಮಗುವಿನಂತೆ ನಕ್ಕರು.

ಎಲ್ಲ ಹೋದ ಮೇಲೆ ನಾಲೆಯ ದಂಡೆಯಲ್ಲಿ ನಾವಿಬ್ಬರೇ ಕೂತೆವು. ನಾನು ಕಾಲು ನೀರಿಗೆ ಇಳಿಬಿಟ್ಟಿದ್ದೆ. ಕೈ ಮೇಲೆತ್ತಿ ಮುಖ ತೊಳೆದುಕೊಳ್ಳಲೂ ಆಗುತ್ತಿರಲಿಲ್ಲ. ಅವಳೇ ಬೊಗಸೆಯಲ್ಲಿ ನೀರು ತೆಗೆದು ನನ್ನ ಮುಖಕ್ಕೆ ಹಾಕಿದಳು.

"ನಿಜ ಹೇಳು, ನಿಂಗೇನೂ ಬರ್ಲಿಲ್ವಾ?" ಎಂದು ಕೇಳಿದೆ.

"ಚೂರು ಬಂತು. ಬಲಗೈ ಕಿರುಬೆರಳಿಗೆ." ಬೆರಳು ಮಡಿಚಿ ಬಿಚ್ಚಿ ನೋಡಿಕೊಂಡಳು. "ಯಾರೋ ಒಬ್ರು ನಾನು ಹೇಳಿದೆ ಅಂತ ಮಾತ್ರ ಎಳೆದವ್ರೆ."

"ಯಾರದು?"

"ಗೊತ್ತು. ಹೇಳಲ್ಲ. ಇರ್ಲಿ ಬಿಡು, ಅಷ್ಟು ನಾನು ತಡ್ಕೋತೀನಿ."

ಅವಳು ಎದ್ದು, ನನ್ನ ಪಿಕಾಸಿಯನ್ನು ತನ್ನ ಹೆಗಲ ಮೇಲಿಟ್ಟುಕೊಂಡು, ನಾಲೆಯ ಏರಿಯ ಮೇಲೆ ಮುಂದೆ ಮುಂದೆ ನಡೆದಳು. ಅವಳ ನಡಿಗೆಯಲ್ಲಿ ಅಂಥ ಹಗುರವನ್ನು ನಾನು ನೋಡಿಯೇ ಇರಲಿಲ್ಲ. ನಾನು ಅವಳ ಹಿಂದೆ ಕುಂಟಿಕೊಂಡು ಹೊರಟೆ. ಒಂದೊಂದು ಹೆಜ್ಜೆಗೂ ಮಂಡಿ, ಸೊಂಟ, ಹೆಗಲು ತಮ್ಮ ತಮ್ಮ ದೂರು ಹೇಳುತ್ತಿದ್ದವು. ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತ, ಅಲ್ಲಲ್ಲಿ ನಿಂತು ಸುಧಾರಿಸಿಕೊಳ್ಳುತ್ತ, ಪಕ್ಕದಲ್ಲಿ ಹರಿಯುವ ನೀರಿನ ಜೊತೆ ನಿಧಾನವಾಗಿ ಮನೆ ಸೇರಿದೆ.